ಓದುಗರ ಬೈಕ್ ಪ್ರಶ್ನೆಗಳು: ಪತ್ತನಾಜೆ ಬಂತು, ಗಾಡಿ ತಯಾರಾಯಿತಾ?

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಭೂತಗಳ ಕೋಲ, ನೇಮ ಮುಗಿಯುತ್ತದೆ. ಆಮೇಲೆ ನಮ್ಮ ಕಾಸರಗೋಡಿನ ಕಡೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಅಂಗಳದ ಅಡಿಕೆ ಒಳಗೆ ಸೇರುತ್ತದೆ, ಸೌದೆ ಕೊಟ್ಟಿಗೆಗೆ ಹೋಗುತ್ತದೆ, ಮಾಡಿನ ಒಡೆದ ಹಂಚು ಬದಲಾಗುತ್ತದೆ. ಬೈಕನ್ನು ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಮೊದಲ ಜೋರು ಮಳೆಗೆ ಅದು ರಸ್ತೆ ಮಧ್ಯೆ ನಿಂತಾಗಲೇ ನೆನಪಾಗುವುದು. ಈ ಸಲ ಬಂದ ಪತ್ರಗಳಲ್ಲಿ ಮಳೆಯ ಭಯವೇ ಜಾಸ್ತಿ ಇತ್ತು, ಅದಕ್ಕೇ ಅಂಥವನ್ನು ಹೆಚ್ಚು ಆರಿಸಿದ್ದೇನೆ.

ಪ್ರಶ್ನೆ: ನನಗೆ 23 ವರ್ಷ. ಉಪ್ಪಳದಲ್ಲಿ ಕೆಲಸ, ದಿನಕ್ಕೆ ಹೋಗಿ ಬರುವುದು ಸೇರಿ ಸುಮಾರು 35 ಕಿ.ಮೀ. ಓಡಾಟ. ಮನೆಯಿಂದ ಟಾರು ರಸ್ತೆಗೆ ಒಂದೂವರೆ ಕಿ.ಮೀ. ಮಣ್ಣಿನ ದಾರಿ, ನಡುವೆ ಒಂದು ಕಡಿದಾದ ಏರು. ನನಗೆ 350 ಸಿಸಿ ಬೈಕಿನ ಆಸೆ. ಅಪ್ಪ 100 ಸಿಸಿ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗ, ಬಾಯಾರು

ನಿಮ್ಮಿಬ್ಬರ ಮಾತೂ ಬೇಡ, ಆ ಒಂದೂವರೆ ಕಿಲೋಮೀಟರಿನ ಮಾತು ಕೇಳಿ.

ಶೋರೂಮಿನಲ್ಲಿ ನೋಡುವಾಗ ಎಲ್ಲ ಬೈಕೂ ಚಂದವೇ. ಆದರೆ 350 ಸಿಸಿಯ ಕ್ಲಾಸಿಕ್ 350ರ ತೂಕ 195 ಕೆ.ಜಿ. 100 ಸಿಸಿಯ ಸ್ಪ್ಲೆಂಡರ್ 112 ಕೆ.ಜಿ. ನಡುವೆ 83 ಕೆ.ಜಿ. ವ್ಯತ್ಯಾಸ. ಒಣ ಟಾರು ರಸ್ತೆಯಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಭಾರದ ಗಾಡಿ ಗಾಳಿಗೆ ಅಲ್ಲಾಡದೆ ಗಟ್ಟಿಯಾಗಿ ಓಡುತ್ತದೆ, ಕುಳಿತವರಿಗೂ ಹಿತವೇ. ಜುಲೈ ತಿಂಗಳಲ್ಲಿ ಕೆಂಪು ಮಣ್ಣು ಬೆಣ್ಣೆಯ ಹಾಗೆ ಆದಾಗ, ಆ ಏರಿನ ಅರ್ಧದಲ್ಲಿ ಎದುರಿನಿಂದ ಜೀಪು ಬಂದು ನೀವು ನಿಲ್ಲಿಸಬೇಕಾಗಿ ಬಂದಾಗ ಮಾತ್ರ ಆ 83 ಕೆ.ಜಿ. ಏನು ಅಂತ ಕಾಲಿಗೆ ಗೊತ್ತಾಗುತ್ತದೆ. ಅಲ್ಲಿ ಬೈಕನ್ನು ಹಿಂದಕ್ಕೆ ತಳ್ಳಬೇಕು, ಬದಿಗೆ ತಿರುಗಿಸಬೇಕು, ಬಿದ್ದರೆ ಒಬ್ಬರೇ ಎತ್ತಬೇಕು.

ಹಾಗಾಗಿ ಒಂದು ಕೆಲಸ ಮಾಡಿ. 350 ಸಿಸಿ ಬೈಕ್ ಇರುವ ಸ್ನೇಹಿತರನ್ನು ಒಂದು ದಿನ ಮನೆಗೆ ಕರೆಯಿರಿ, ಮಳೆ ಬಂದ ಮರುದಿನವೇ ಆದರೆ ಒಳ್ಳೆಯದು. ನಿಮ್ಮ ದಾರಿಯಲ್ಲಿ ಆ ಬೈಕನ್ನು ನೀವೇ ಓಡಿಸಿ. ಏರಿನ ಮಧ್ಯೆ ನಿಲ್ಲಿಸಿ, ಮತ್ತೆ ಹೊರಡಿ. ಅಂಗಳದಲ್ಲಿ ತಿರುಗಿಸಿ. ಇಂಜಿನ್ ಆಫ್ ಮಾಡಿ ಹತ್ತು ಹೆಜ್ಜೆ ಹಿಂದಕ್ಕೆ ನೂಕಿ. ಇಷ್ಟು ಮಾಡಿದ ಮೇಲೂ ಧೈರ್ಯ ಬಂದರೆ ತೆಗೆದುಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಆಸೆ ಇಲ್ಲದೆ ತೆಗೆದ ಬೈಕನ್ನು ಯಾರೂ ಚೆನ್ನಾಗಿ ನೋಡಿಕೊಳ್ಳುವುದಿಲ್ಲ, ಅದೂ ನಿಜ.

ಖರ್ಚಿನ ಲೆಕ್ಕವನ್ನೂ ಹಾಕೋಣ. ತಿಂಗಳಿಗೆ 25 ದಿನ ಅಂದರೆ 875 ಕಿ.ಮೀ. 350 ಸಿಸಿಗೆ ಲೀಟರಿಗೆ 35 ಸಿಕ್ಕಿದರೆ 25 ಲೀಟರ್ ಪೆಟ್ರೋಲ್ ಬೇಕು. 100 ಸಿಸಿಗೆ 60 ಸಿಕ್ಕಿದರೆ 15 ಲೀಟರ್ ಸಾಕು. ಟಯರ್, ಚೈನು, ಆಯಿಲ್ ಎಲ್ಲದಕ್ಕೂ ದೊಡ್ಡ ಬೈಕಿಗೆ ಜಾಸ್ತಿಯೇ.

ನನ್ನನ್ನೇ ಕೇಳಿದರೆ ನಿಮ್ಮ ದಾರಿಗೆ 125ರಿಂದ 160 ಸಿಸಿಯೊಳಗಿನ ಬೈಕ್ ಸರಿ. ಏರು ಹತ್ತುತ್ತದೆ, ತೂಕ ಕೈಯಲ್ಲಿ ಹಿಡಿತಕ್ಕೆ ಸಿಗುತ್ತದೆ. ಅದರಲ್ಲೂ ಎಬಿಎಸ್ ಇರುವುದನ್ನೇ ನೋಡಿ. 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಗಾಬರಿಯಲ್ಲಿ ಬ್ರೇಕ್ ಗಟ್ಟಿ ಹಿಡಿದಾಗ ಚಕ್ರ ಕಚ್ಚಿ ನಿಂತುಬಿಟ್ಟರೆ ಬೈಕ್ ಜಾರುತ್ತದೆ. ಎಬಿಎಸ್ ಚಕ್ರವನ್ನು ಹಾಗೆ ನಿಲ್ಲಲು ಬಿಡುವುದಿಲ್ಲ, ಕ್ಷಣಕ್ಕೆ ಹಲವು ಸಲ ಹಿಡಿದು ಬಿಟ್ಟು ಮಾಡುತ್ತದೆ. ಒದ್ದೆ ಟಾರಿನಲ್ಲಿ ಇದು ನಿಜವಾಗಿ ಜೀವ ಉಳಿಸುವ ವಸ್ತು. ಬರೀ ಜಲ್ಲಿ, ಸಡಿಲ ಮಣ್ಣಿನಲ್ಲಿ ಮಾತ್ರ ಬೈಕ್ ಸ್ವಲ್ಪ ಮುಂದೆ ಹೋಗಿ ನಿಲ್ಲಬಹುದು, ಅಲ್ಲಿ ಮೊದಲೇ ನಿಧಾನ ಮಾಡಿಕೊಳ್ಳಿ.

ಇನ್ನೊಂದು ವಿಷಯ. 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಉಳಿದ ಆ ಹಣವನ್ನು ಸ್ಟಿಕರಿಗೆ, ಕ್ರ್ಯಾಶ್ ಗಾರ್ಡಿಗೆ ಹಾಕಬೇಡಿ. ಒಳ್ಳೆಯ ಹೆಲ್ಮೆಟ್, ಗ್ಲೌಸ್, ಎರಡು ತುಂಡಿನ ರೈನ್‌ಕೋಟ್, ಹಿಮ್ಮಡಿ ಮುಚ್ಚುವ ಶೂ, ಇವಿಷ್ಟನ್ನೂ ಬೈಕಿನ ಬೆಲೆಯ ಒಳಗೇ ಸೇರಿಸಿ ಲೆಕ್ಕ ಹಾಕಿ. ಅಷ್ಟು ಹಣ ಉಳಿಯದಿದ್ದರೆ ಒಂದು ಮೆಟ್ಟಿಲು ಚಿಕ್ಕ ಬೈಕ್ ತೆಗೆದುಕೊಳ್ಳಿ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಟ್ಟಿಗೇ ಬರುತ್ತದೆ. ಆದರೆ ನಿಮ್ಮ ಸ್ವಂತ ಬೈಕಿಗೆ ಪೆಟ್ಟಾದರೆ ಹಣ ಕೊಡುವ ಭಾಗ ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಇರುತ್ತದೆ. ಐದು ವರ್ಷ ಇದೆ ಅಂದುಕೊಂಡು ಸುಮ್ನೆ ಇದ್ದುಬಿಟ್ಟವರನ್ನು ತುಂಬಾ ನೋಡಿದ್ದೇನೆ, ತಾರೀಖು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮಂಗಳೂರಿನಲ್ಲಿ ಒಂದು ಕೆಎ 19 ನಂಬರಿನ ಬೈಕ್ ಮಾರಾಟಕ್ಕಿದೆ. ಏಳು ವರ್ಷ ಹಳೆಯದು, ಬೆಲೆ ಕಡಿಮೆ. ನಾನಿರುವುದು ಬದಿಯಡ್ಕದಲ್ಲಿ. ಅದೇ ನಂಬರಿನಲ್ಲಿ ಓಡಿಸಿದರೆ ಏನಾದರೂ ತೊಂದರೆ ಇದೆಯಾ?
— ಅಂಗಡಿ ನಡೆಸುವವರು, ಬದಿಯಡ್ಕ

ನಮ್ಮ ಕಡೆಯ ದೊಡ್ಡ ಪ್ರಶ್ನೆ ಇದು. ತಲಪಾಡಿ ದಾಟಿದರೆ ಮಂಗಳೂರು, ಅಡ್ಕಸ್ಥಳ ದಾಟಿದರೆ ವಿಟ್ಲ, ಜಾಲ್ಸೂರು ದಾಟಿದರೆ ಸುಳ್ಯ. ನಮಗೆ ಗಡಿ ಅಂತ ಅನ್ನಿಸುವುದೇ ಇಲ್ಲ. ಆದರೆ ಬೈಕಿನ ಕಾಗದಕ್ಕೆ ಗಡಿ ಇದೆ.

ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಹಾಕಿಸಿಕೊಳ್ಳಲೇಬೇಕು. ಅಂದರೆ ನಿಮಗೆ ಕೇರಳದ, ಕಾಸರಗೋಡಿನ ಕೆಎಲ್ 14 ನಂಬರ್ ಬೇಕು. ನೀವು ಖರೀದಿ ಮಾಡಿ ಇಲ್ಲೇ ಇಟ್ಟುಕೊಳ್ಳುವವರು, ಹಾಗಾಗಿ ವರ್ಷ ಕಾಯುವ ಲೆಕ್ಕ ಬೇಡ, ಮೊದಲೇ ಮಾಡಿಸಿ. ಮೊದಲು ಮಾರುವವರು ಮಂಗಳೂರಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ತೆಗೆಯಬೇಕು, ಅದಕ್ಕೆ ಫಾರ್ಮ್ 28. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಇಲ್ಲಿ ಹೊಸ ನಂಬರಿಗೆ ಫಾರ್ಮ್ 27. ಗಾಡಿಯ ವಯಸ್ಸು ನೋಡಿ ಕೇರಳದ ತೆರಿಗೆ ಹಾಕುತ್ತಾರೆ. ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಲು ಅವಕಾಶ ಇದೆ, ಓಡಾಟ ಮಾತ್ರ ಇದ್ದೇ ಇದೆ. ಇನ್ಶೂರೆನ್ಸನ್ನು ಕೈಬದಲಾದ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಕೊಡಬೇಕು. ಇದನ್ನು ಬಿಡಬೇಡಿ, ಅಪಘಾತ ಆದ ದಿನ ಮೊದಲು ಕೇಳುವುದೇ ಇದನ್ನು.

ಈಗ ಬೈಕಿನ ಬೆಲೆಗೆ ಈ ತೆರಿಗೆ, ಫೀಸು, ಮಂಗಳೂರಿಗೆ ಮೂರು ನಾಲ್ಕು ಸಲ ಹೋಗಿ ಬರುವ ದಿನಗೂಲಿ ಎಲ್ಲ ಸೇರಿಸಿ. ಆಮೇಲೆ ಕಾಸರಗೋಡಿನಲ್ಲೇ ಸಿಗುವ ಅದೇ ಮಾದರಿಯ ಕೆಎಲ್ 14 ಬೈಕಿನ ಬೆಲೆಯ ಪಕ್ಕ ಇಟ್ಟು ನೋಡಿ. ಎಷ್ಟೋ ಸಲ ವ್ಯತ್ಯಾಸ ಏನೂ ಉಳಿಯುವುದಿಲ್ಲ.

ಸಾಲದ ವಿಷಯ ಬಿಡುವ ಹಾಗಿಲ್ಲ. ನನ್ನ ಮೊದಲ ಬೈಕ್ ಸೆಕೆಂಡ್ ಹ್ಯಾಂಡ್. ಮಾರಿದವರು ಪರಿಚಯದವರೇ, ಕಾಗದ ಎಲ್ಲ ಸರಿ ಇದೆ ಅಂದರು, ನಾನು ನಂಬಿ ಪೂರ್ತಿ ಹಣ ಕೊಟ್ಟೆ. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಹಾಗೇ ಇತ್ತು. ಬಾಕಿ ಕಂತು ತೀರಿ, ಅವರ ಪತ್ರ ಕೈಗೆ ಬಂದು, ಬೈಕ್ ನನ್ನ ಹೆಸರಿಗೆ ಆಗುವಾಗ ಒಂದು ವರ್ಷ ಎರಡು ತಿಂಗಳು ಕಳೆದಿತ್ತು. ಅಷ್ಟು ದಿನ ಪೊಲೀಸರನ್ನು ಕಂಡಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಆದ್ದರಿಂದ ಹೇಳುತ್ತೇನೆ, ಹಣ ಕೊಡುವ ಮೊದಲು ಸರಕಾರದ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ಸಾಲ, ಇನ್ಶೂರೆನ್ಸ್, ಬಾಕಿ ದಂಡ ಎಲ್ಲ ನೋಡಿ. ಇಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಬೈಕಿನ ಮೇಲೇ ಓದಿ ಆರ್‌ಸಿ ಜೊತೆ ತಾಳೆ ಹಾಕಿ.

ಬೈಕ್ ನೋಡಲು ಬೆಳಿಗ್ಗೆಯೇ ಹೋಗಿ. ಮುಂಚೆ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಹೇಳಿ. ತಣ್ಣಗಿರುವ ಇಂಜಿನ್ ಸುಳ್ಳು ಹೇಳುವುದಿಲ್ಲ. ಒಂದೆರಡು ಸಲಕ್ಕೆ ಸ್ಟಾರ್ಟ್ ಆಗಬೇಕು. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ, ಅಂಥದ್ದನ್ನು ಬಿಡಿ. ಮುಂದಿನ ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಗೆರೆ ಇದೆಯಾ, ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯ ಹಾಗೆ ಬಾಗಿದೆಯಾ, ಹ್ಯಾಂಡಲ್ ನೇರ ಹಿಡಿದಾಗ ಬೈಕ್ ಒಂದು ಬದಿಗೆ ಎಳೆಯುತ್ತದಾ, ಇವಿಷ್ಟು ನೋಡಿ. ನಿಮಗೆ ನಂಬಿಕೆಯ ಮೆಕ್ಯಾನಿಕ್ ಇದ್ದರೆ ಅವರ ಒಂದು ದಿನದ ಸಂಬಳ ಕೊಟ್ಟು ಕರೆದುಕೊಂಡು ಹೋಗಿ. ಸೆಕೆಂಡ್ ಹ್ಯಾಂಡ್ ಬೈಕಿಗೆ ಮಾಡುವ ಮೊದಲ ಖರ್ಚು ಅದೇ ಆಗಲಿ.

ಪ್ರಶ್ನೆ: ಕಾರಿನ ಆಯಿಲ್ ಒಂದು ಕ್ಯಾನ್ ಮನೆಯಲ್ಲಿದೆ. ಬೈಕಿಗೆ ಹಾಕಬಹುದಾ?
— ಓದುಗ, ನೀರ್ಚಾಲು

ಬೇಡ. ಹೆಚ್ಚಿನ ಬೈಕುಗಳಲ್ಲಿ ಇಂಜಿನ್, ಗೇರ್ ಮಾತ್ರವಲ್ಲ, ಕ್ಲಚ್ ಪ್ಲೇಟುಗಳೂ ಅದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲಿನಲ್ಲಿ ಜಾರಿಕೆ ಹೆಚ್ಚಿಸುವ ವಸ್ತು ಇರಬಹುದು. ಅದು ಕ್ಲಚ್ ಪ್ಲೇಟಿಗೆ ತಾಗಿದರೆ ಕ್ಲಚ್ ಜಾರುತ್ತದೆ, ಇಂಜಿನ್ ಕೂಗುತ್ತದೆ, ಬೈಕ್ ಏರು ಹತ್ತುವುದಿಲ್ಲ. ಡಬ್ಬದ ಮೇಲೆ ಬೈಕಿನ ಆಯಿಲಿನ ಗುರುತಾದ ಜಾಸೊ ಎಂಎ ಅಥವಾ ಎಂಎ2 ಅಂತ ಇರುವುದನ್ನು, ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಗ್ರೇಡಿನಲ್ಲೇ ಹಾಕಿ. 10ಡಬ್ಲ್ಯು 30 ಅಂದಿದ್ದರೆ ಅದೇ. ಗಟ್ಟಿ ಆಯಿಲ್ ಹಾಕಿದರೆ ಒಳ್ಳೆಯದು ಅನ್ನುವುದು ಹಳೆಯ ನಂಬಿಕೆ.

ಪ್ರಶ್ನೆ: ಮಂಜೇಶ್ವರದಿಂದ ಮೀನು ತಂದು ಊರೂರು ಮಾರುತ್ತೇನೆ. ಬೈಕಿನ ಹಿಂದೆ ಪೆಟ್ಟಿಗೆ. ಎರಡೇ ವರ್ಷಕ್ಕೆ ಹಿಂದಿನ ರಿಮ್, ಚೈನು, ಸೈಲೆನ್ಸರ್ ಎಲ್ಲ ತುಕ್ಕು. ಮಳೆ ಬಂದರೆ ಹಿಂದಿನ ಬ್ರೇಕೂ ಹಿಡಿಯುವುದಿಲ್ಲ. ಏನು ಮಾಡಲಿ?
— ಮೀನು ವ್ಯಾಪಾರಿ, ಹೊಸಂಗಡಿ

ನಿಮ್ಮ ಪತ್ರ ಓದಿ ತುಂಬಾ ಹೊತ್ತು ಯೋಚಿಸಿದೆ. ನಿಮ್ಮ ಬೈಕಿನ ಹಾಗೆ ದುಡಿಯುವ ಬೈಕ್ ಇನ್ನೊಂದಿಲ್ಲ. ನಸುಕಿಗೇ ಹೊರಡುತ್ತದೆ, ಭಾರ ಹೊರುತ್ತದೆ, ಮನೆ ಮನೆಗೆ ನಿಲ್ಲಿಸಿ ಹೊರಡಿಸಿ ಮಾಡಬೇಕು, ಮೇಲಿಂದ ಉಪ್ಪು ನೀರು ಸೋರುತ್ತದೆ.

ತುಕ್ಕಿಗೆ ಕಾರಣ ಪೆಟ್ಟಿಗೆಯ ನೀರು. ಐಸ್ ಕರಗಿ ಮೀನಿನ ಉಪ್ಪಿನ ಜೊತೆ ಸೇರಿ ಕೆಳಗೆ ಇಳಿಯುತ್ತದೆ. ಕೆಳಗೆ ಇರುವುದು ಚೈನು, ರಿಮ್, ಬ್ರೇಕ್ ಡ್ರಮ್. ಮೊದಲು ಅದನ್ನು ನಿಲ್ಲಿಸಿ. ಪೆಟ್ಟಿಗೆಯ ತಳದಲ್ಲಿ ಒಂದೇ ತೂತು ಇರಲಿ. ಅದಕ್ಕೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ, ಒಂದು ಮುಚ್ಚಿದ ಕ್ಯಾನಿಗೆ ಇಳಿಸಿ ಕಟ್ಟಿ. ತುಂಬಿದಾಗ ಖಾಲಿ ಮಾಡಿ. ನೀರು ರಸ್ತೆಗೂ ಬೀಳಬಾರದು, ಹಿಂದೆ ಬರುವ ಬೈಕಿನವರು ಜಾರುತ್ತಾರೆ. ಪೆಟ್ಟಿಗೆಯ ಅಡಿಗೆ ದಪ್ಪ ರಬ್ಬರ್ ಶೀಟ್ ಹಾಕಿ ಎರಡೂ ಬದಿ ಸ್ವಲ್ಪ ಹೊರಗೆ ಚಾಚಲಿ.

ಎರಡನೆಯದು, ದಿನಾ ವ್ಯಾಪಾರ ಮುಗಿದ ಕೂಡಲೇ ಸಿಹಿನೀರು ಹೊಯ್ಯಿರಿ. ಸೋಪು ಬೇಕಾಗಿಲ್ಲ, ಎರಡು ಕೊಡ ಬಾವಿ ನೀರು ಸಾಕು. ನಾಳೆ ತೊಳೆಯೋಣ ಅಂದರೆ ರಾತ್ರಿ ಇಡೀ ಉಪ್ಪು ಕೆಲಸ ಮಾಡುತ್ತದೆ. ಇಂಜಿನ್, ಸೈಲೆನ್ಸರ್ ತಣಿದ ಮೇಲೆ ಹೊಯ್ಯಿರಿ. ಒರೆಸಿ ಒಣಗಿದ ಮೇಲೆ ರಿಮ್ಮಿನ ಕಡ್ಡಿಗಳು, ನಟ್ಟು, ಸ್ಟ್ಯಾಂಡಿನ ಸ್ಪ್ರಿಂಗ್ ಇವಕ್ಕೆ ಒಂದು ಬಟ್ಟೆಯಲ್ಲಿ ತೆಳ್ಳಗೆ ಎಣ್ಣೆ ಸವರಿ. ಬ್ರೇಕ್ ಡ್ರಮ್ಮಿಗೆ, ಡಿಸ್ಕಿಗೆ, ಟಯರಿಗೆ ಒಂದು ಹನಿಯೂ ತಾಗಬಾರದು.

ಚೈನಿಗೆ ವಾರಕ್ಕೆ ಒಂದು ಸಲ ಕೂತು ಅರ್ಧ ಗಂಟೆ ಕೊಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಇರಲಿ. ಇಂಜಿನ್ ಓಡುವಾಗ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಕೊಳೆ ತೆಗೆಯಿರಿ, ಪೆಟ್ರೋಲ್ ಬೇಡ. ಒರೆಸಿ, 90 ನಂಬರಿನ ಗೇರ್ ಆಯಿಲ್ ಒಳಬದಿಗೆ ಹನಿಹನಿಯಾಗಿ ಬಿಡಿ. ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಒಳಗೆ ಇಳಿದಿರುತ್ತದೆ. ಗ್ರೀಸ್ ಬಳಿಯಬೇಡಿ. ಗ್ರೀಸ್ ಒಳಗೆ ಹೋಗುವುದಿಲ್ಲ, ಮೇಲೆ ನಿಂತು ನಮ್ಮ ಕೆಂಪು ಧೂಳನ್ನೆಲ್ಲ ಹಿಡಿದು ಚೈನನ್ನು ಅರೆಯುತ್ತದೆ. ಸಡಿಲ ಎಷ್ಟು ಅಂತ ಪುಸ್ತಕದಲ್ಲಿರುತ್ತದೆ, ಹೆಚ್ಚಿನ ಸಣ್ಣ ಬೈಕುಗಳಿಗೆ ಮಧ್ಯದಲ್ಲಿ ಎತ್ತಿದರೆ 20ರಿಂದ 30 ಮಿ.ಮೀ. ಅಲ್ಲಾಡಬೇಕು. ನೀವು ಭಾರ ಹೊರುವವರು, ಹಾಗಾಗಿ ತೀರಾ ಬಿಗಿ ಮಾಡಿಸಬೇಡಿ. ಭಾರ ಬಿದ್ದಾಗ ಹಿಂದಿನ ಚಕ್ರ ಮೇಲೆ ಹೋಗಿ ಚೈನು ಇನ್ನೂ ಬಿಗಿಯಾಗುತ್ತದೆ, ಬೇರಿಂಗ್ ಹೋಗುತ್ತದೆ.

ಬ್ರೇಕ್ ವಿಷಯ. ನಿಮ್ಮದು ಡ್ರಮ್ ಬ್ರೇಕ್. ಒಳಗೆ ನೀರು ಹೋದರೆ ಶೂ ಹಿಡಿಯುವುದಿಲ್ಲ. ನೀರು ನಿಂತ ರಸ್ತೆ ದಾಟಿದ ಕೂಡಲೇ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದು ಸ್ವಲ್ಪ ದೂರ ಹೋಗಿ. ಬಿಸಿಗೆ ನೀರು ಆರುತ್ತದೆ. ಮಳೆಗೆ ಮುಂಚೆ ಒಂದು ಸಲ ಡ್ರಮ್ ಬಿಚ್ಚಿಸಿ ಶೂ ಎಷ್ಟು ಉಳಿದಿದೆ ನೋಡಿ, ಒಳಗಿನ ಧೂಳು ತೆಗೆಸಿ, ಬ್ರೇಕ್ ತಿರುಗುವ ಕ್ಯಾಮಿಗೆ ಗ್ರೀಸ್ ಹಾಕಿಸಿ. ಮುಂದಿನ ಬ್ರೇಕನ್ನು ಬಳಸದೆ ಹಿಂದಿನದನ್ನೇ ನಂಬುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಎರಡನ್ನೂ ಒಟ್ಟಿಗೆ, ಮೆಲ್ಲಗೆ, ಸ್ವಲ್ಪ ಮೊದಲೇ ಹಿಡಿಯಿರಿ. ಹಿಂದೆ ಅಷ್ಟು ಭಾರ ಇರುವಾಗ ಬೈಕ್ ನಿಲ್ಲಲು ಜಾಸ್ತಿ ಜಾಗ ಬೇಕು.

ಟಯರ್ ಬೇಸಿಗೆಯಲ್ಲಿ ಅರ್ಧ ಸವೆದಿದ್ದರೂ ನಡೆಯುತ್ತದೆ, ಮಳೆಗಾಲಕ್ಕೆ ನಡೆಯುವುದಿಲ್ಲ. ಆ ಗೀರುಗಳು ಇರುವುದೇ ನೀರನ್ನು ಬದಿಗೆ ತಳ್ಳಲಿಕ್ಕೆ. ಹೊಸ ಟಯರ್ ತೆಗೆಯುವಾಗ ಬದಿಯಲ್ಲಿ ನಾಲ್ಕು ಅಂಕೆ ನೋಡಿ. 1425 ಅಂತ ಇದ್ದರೆ 2025ನೇ ವರ್ಷದ 14ನೇ ವಾರದಲ್ಲಿ ತಯಾರಾದದ್ದು. ನಾಲ್ಕೈದು ವರ್ಷ ಅಂಗಡಿಯಲ್ಲೇ ಕೂತ ಟಯರ್ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಗಾಳಿಯನ್ನು ಭಾರ ಹಾಕುವ ದಿನದ ಲೆಕ್ಕಕ್ಕೆ ಇಡಿ. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಅಂತ ಪುಸ್ತಕದಲ್ಲಿ ಇರುತ್ತದೆ. ನಿಮ್ಮದು ಯಾವಾಗಲೂ ಇಬ್ಬರ ಲೆಕ್ಕ. ಮೂವರ ತೂಕದಷ್ಟು ಹೇರಬೇಡಿ, ಬೇಕಾದರೆ ಎರಡು ಸಲ ಹೋಗಿ.

ಮೊದಲ ಮಳೆಯ ದಿನ ಜಾಗ್ರತೆ. ಬೇಸಿಗೆ ಇಡೀ ರಸ್ತೆಗೆ ಬಿದ್ದ ಎಣ್ಣೆ, ಧೂಳು ಎಲ್ಲ ಮೊದಲ ಹನಿಗೆ ಮೇಲೆ ಬಂದು ಜಾರುತ್ತದೆ. ಜೋರು ಮಳೆ ಒಂದು ಗಂಟೆ ಹೊಡೆದ ಮೇಲಿನ ರಸ್ತೆ ಅದಕ್ಕಿಂತ ವಾಸಿ.

ಪ್ರಶ್ನೆ: ಸ್ಕೂಟರಿನಲ್ಲಿ ಶಾಲೆಗೆ ಹೋಗುತ್ತೇನೆ, ಹಿಂದೆ ಐದು ವರ್ಷದ ಮಗಳು. ಹೆಲ್ಮೆಟ್ ಹಾಕಿದರೆ ಸೆಕೆ, ತಲೆನೋವು. ಹಗುರದ ಟೊಪ್ಪಿ ಥರದ್ದು ಸಾಲದಾ? ಮಗಳಿಗೂ ಬೇಕಾ?
— ಟೀಚರ್, ಮುಳ್ಳೇರಿಯ

ಟೀಚರ್, ಟೊಪ್ಪಿ ಥರದ್ದು ಬೇಡವೇ ಬೇಡ. ಅದು ದಂಡ ಹಾಕುವ ರಸ್ತೆ ಕ್ಯಾಮೆರಾಕ್ಕೆ ಹೆಲ್ಮೆಟ್, ತಲೆಗೆ ಅಲ್ಲ.

ತಲೆನೋವು ಹೆಚ್ಚಾಗಿ ಬರುವುದು ಅಳತೆ ತಪ್ಪಿದ್ದಕ್ಕೆ. ಬಟ್ಟೆ ಹೊಲಿಯುವ ಟೇಪಿನಲ್ಲಿ ಹುಬ್ಬಿನ ಮೇಲಿಂದ ತಲೆಯ ಸುತ್ತ ಅಳೆಯಿರಿ. 58 ಸೆಂ.ಮೀ. ಬಂದರೆ ಸಾಮಾನ್ಯವಾಗಿ ಮೀಡಿಯಂ, ಆದರೆ ಒಂದೊಂದು ಕಂಪನಿಯ ಆಕಾರ ಒಂದೊಂದು ಥರ. ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡು ನಿಲ್ಲಿ. ಕೆನ್ನೆಗೆ ಸ್ವಲ್ಪ ಒತ್ತಬೇಕು, ಹಣೆಗೆ ನೋಯಬಾರದು. ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಒಟ್ಟಿಗೇ ಅಲ್ಲಾಡಬೇಕು. ಐಎಸ್‌ಐ ಗುರುತು, ಐಎಸ್ 4151 ಅನ್ನುವ ಸಂಖ್ಯೆ ನೋಡಿ ತೆಗೆಯಿರಿ. 2021ರ ಜೂನ್ 1ರಿಂದ ಬಿಐಎಸ್ ಪ್ರಮಾಣ ಇಲ್ಲದ ಹೆಲ್ಮೆಟ್ ಮಾರುವ ಹಾಗೇ ಇಲ್ಲ. ಆದರೂ ರಸ್ತೆ ಬದಿಯಲ್ಲಿ ನಕಲಿ ಗುರುತಿನದ್ದು ತೂಗುತ್ತಿರುತ್ತದೆ. ಸೆಕೆಗೆ ಗಾಳಿ ಹೋಗುವ ತೂತು ಇರುವುದು, ಒಳಗಿನ ಬಟ್ಟೆ ಬಿಚ್ಚಿ ಒಗೆಯಲು ಬರುವುದು ಆರಿಸಿ. ತೆಳುವಾದ ಹತ್ತಿ ಬಟ್ಟೆ ತಲೆಗೆ ಹಾಕಿ ಮೇಲೆ ಹೆಲ್ಮೆಟ್ ಇಟ್ಟರೆ ಬೆವರು, ವಾಸನೆ ಕಡಿಮೆ.

ಪಟ್ಟಿ ಹಾಕುವುದನ್ನು ಮರೆಯಬೇಡಿ. ಕೆಲವು ವರ್ಷದ ಹಿಂದೆ ಕುಂಬ್ಡಾಜೆ ಕಡೆಯ ಒಂದು ತಿರುವಿನಲ್ಲಿ ಒದ್ದೆ ತೆಂಗಿನ ಮಡಲಿನ ಮೇಲೆ ನನ್ನ ಮುಂದಿನ ಚಕ್ರ ಹತ್ತಿ ಜಾರಿತು. ವೇಗ ತೀರಾ ಕಡಿಮೆ. ತಲೆ ನೇರ ರಸ್ತೆ ಬದಿಯ ಮುರಕಲ್ಲಿಗೆ ತಾಗಿತು. ಹೆಲ್ಮೆಟ್ಟಿನ ಹೊರಗೆ ಒಂದು ಗೀರು ಮಾತ್ರ ಕಾಣುತ್ತಿತ್ತು, ಒಳಗಿನ ಥರ್ಮೋಕೋಲ್ ಬೆರಳಗಲ ಒಡೆದಿತ್ತು. ಆ ಥರ್ಮೋಕೋಲ್ ತಾನು ಜಜ್ಜಿಹೋಗಿ ಪೆಟ್ಟು ತಲೆಗೆ ಬಾರದ ಹಾಗೆ ತಡೆದಿತ್ತು. ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್ ಆಮೇಲೆ ಕೆಲಸಕ್ಕಿಲ್ಲ. ನನ್ನದನ್ನು ಇಟ್ಟುಕೊಂಡಿದ್ದೇನೆ, ಪಟ್ಟಿ ಹಾಕದ ಹುಡುಗರು ಮನೆಗೆ ಬಂದರೆ ತೋರಿಸುತ್ತೇನೆ.

ಮಗಳಿಗೂ ಬೇಕು, ನಾಲ್ಕು ವರ್ಷ ದಾಟಿದ ಎಲ್ಲರಿಗೂ ಕಾನೂನು ಒಂದೇ. ಕೇರಳದಲ್ಲಿ 2019ರ ಡಿಸೆಂಬರ್ 1ರಿಂದ ಹಿಂದೆ ಕುಳಿತವರಿಗೂ ಕಡ್ಡಾಯ ಮಾಡಿದ್ದಾರೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಜೊತೆ ಓಡಿಸುವವರಿಗೆ ಕಟ್ಟುವ ಬೆಲ್ಟೂ ಬೇಕು, ವೇಗ 40 ದಾಟಬಾರದು. ಮಗಳಿಗೆ ದೊಡ್ಡವರ ಹೆಲ್ಮೆಟ್ ಹಾಕಬೇಡಿ, ಮಕ್ಕಳ ಅಳತೆಯದ್ದೇ ತೆಗೆಯಿರಿ. ಅವಳೇ ಬಣ್ಣ ಆರಿಸಲಿ, ಆಗ ಹಟ ಮಾಡುವುದಿಲ್ಲ.

ಇನ್ನೊಂದು. ಸೀರೆಯ ಸೆರಗು, ಶಾಲು ಗಟ್ಟಿಯಾಗಿ ಸಿಕ್ಕಿಸಿ. ಹಿಂದೆ ಕುಳಿತವರ ಕೈಯಲ್ಲಿ ಬಿಡಿಸಿದ ಕೊಡೆ ಬೇಡ. ಗಾಳಿ ಬೀಸಿದರೆ ಕೊಡೆ ಹಿಂದಕ್ಕೆ ಎಳೆಯುತ್ತದೆ, ಹಿಡಿದವರು ಕೊಡೆ ಬಿಡುವುದಿಲ್ಲ, ಸ್ಕೂಟರ್ ಬಿಟ್ಟು ಬೀಳುತ್ತಾರೆ.

ಪ್ರಶ್ನೆ: ಯಕ್ಷಗಾನದ ಹವ್ಯಾಸಿ ವೇಷಧಾರಿ ನಾನು. ಪತ್ತನಾಜೆವರೆಗೆ ಆಟ, ಮಳೆಗಾಲದಲ್ಲಿ ತಾಳಮದ್ದಳೆ. ಮನೆಗೆ ಹೊರಡುವಾಗ ರಾತ್ರಿ ಎರಡು, ಮೂರು ಗಂಟೆ. ಬೈಕಿನ ಲೈಟ್ ಸಾಲದು, ಎರಡು ಎಲ್‌ಇಡಿ ಹಾಕಿಸಲಾ?
— ಕಲಾವಿದ, ಪೆರ್ಲ

ಮೊದಲು ಇರುವ ಲೈಟನ್ನು ಸರಿ ಮಾಡಿ. ಗಾಜು ಹಳದಿಯಾಗಿದ್ದರೆ ಬದಲಿಸಿ, ಬೆಳಕು ಬೀಳುವ ಕೋನ ಸರಿ ಮಾಡಿಸಿ. ಅರ್ಧಕ್ಕರ್ಧ ದೂರು ಅಲ್ಲೇ ಮುಗಿಯುತ್ತದೆ. ಹೊರಗಿನಿಂದ ಹಾಕುವ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಮಳೆಯಲ್ಲಿ, ಮಂಜಿನಲ್ಲಿ ನಿಮಗೇ ವಾಪಸ್ ಹೊಡೆಯುತ್ತದೆ, ಎದುರು ಬರುವವರಿಗೆ ಏನೂ ಕಾಣುವುದಿಲ್ಲ. ವಯರಿಂಗ್ ಕತ್ತರಿಸಿ ಸೇರಿಸಿದ ಕಡೆ ನೀರು ಹೋಗಿ ಬೈಕೇ ನಿಲ್ಲಬಹುದು. ಹೆಲ್ಮೆಟ್ಟಿನ ಮುಂದಿನ ಗಾಜು, ಅಂದರೆ ವೈಸರ್, ಬಣ್ಣ ಇಲ್ಲದ್ದೇ ಇರಲಿ. ಕಪ್ಪು ವೈಸರ್ ರಾತ್ರಿಗೆ ಅಲ್ಲ.

ವೇಷ ಕಳಚಿ ಬಣ್ಣ ತೆಗೆದ ಮೇಲೆ ಕೈಯಲ್ಲಿ, ಹುಬ್ಬಿನಲ್ಲಿ ತೆಂಗಿನೆಣ್ಣೆ ಉಳಿದಿರುತ್ತದೆ. ಸೋಪು ಹಾಕಿ ತೊಳೆಯಿರಿ. ಎಣ್ಣೆಯ ಕೈಗೆ ಹಿಡಿ ಜಾರುತ್ತದೆ, ಬೆವರಿನ ಜೊತೆ ಕಣ್ಣಿಗೆ ಇಳಿದರೆ ದಾರಿ ಮಬ್ಬು. ಮುಂಡು ಉಟ್ಟು ಓಡಿಸುವುದಾದರೆ ಎತ್ತಿ ಗಟ್ಟಿ ಕಟ್ಟಿ, ತುದಿ ಚೈನಿನ ಕಡೆ ಹೋಗಬಾರದು. ಪ್ಯಾಂಟ್ ಒಂದು ಚೀಲದಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಆದರೆ ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಲೈಟ್ ಅಲ್ಲ, ನಿದ್ರೆ. ರಾತ್ರಿ ಇಡೀ ಕುಣಿದ ದೇಹ ಅದು. ಹೋದ ದಾರಿ ನೆನಪಿಲ್ಲದೆ ಹೋದರೆ, ಕೊನೆಯ ತಿರುವು ಹೇಗೆ ದಾಟಿದೆ ಅಂತ ಗೊತ್ತಾಗದಿದ್ದರೆ, ನೀವು ಆಗಲೇ ಕ್ಷಣ ಹೊತ್ತು ನಿದ್ರೆ ಮಾಡಿಬಿಟ್ಟಿದ್ದೀರಿ. ಮುಖಕ್ಕೆ ನೀರು, ಚಾ, ವೀಳ್ಯ ಯಾವುದೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲೋ ದೇವಸ್ಥಾನದ ಜಗಲಿಯಲ್ಲೋ ಇಪ್ಪತ್ತು ನಿಮಿಷ ಮಲಗಿ. ಬೆಳಗಾಗುವವರೆಗೆ ಅಲ್ಲೇ ಉಳಿಯಲು ಆಟ ಆಡಿಸಿದವರನ್ನು ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ.

ಪ್ರಶ್ನೆ: ದುಬೈಯಲ್ಲಿ ಕೆಲಸ. ಬೈಕ್ ಊರಲ್ಲಿ 11 ತಿಂಗಳು ನಿಂತಿರುತ್ತದೆ. ಅಮ್ಮ ವಾರಕ್ಕೊಮ್ಮೆ ತಮ್ಮನ ಹತ್ತಿರ ಐದು ನಿಮಿಷ ಸ್ಟಾರ್ಟ್ ಮಾಡಿಸಿ ಇಡುತ್ತಾರೆ. ಸಾಕಾ?
— ಓದುಗ, ಕುಂಬಳೆ

ಅಮ್ಮನ ಕಾಳಜಿ ದೊಡ್ಡದು, ಆದರೆ ಆ ಐದು ನಿಮಿಷ ಬೈಕಿಗೆ ಒಳ್ಳೆಯದಲ್ಲ. ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಸೈಲೆನ್ಸರಿನ ಒಳಗೆ ನೀರು ಕಟ್ಟಿ ತುಕ್ಕು ಹಿಡಿಯುತ್ತದೆ, ಬ್ಯಾಟರಿಯಿಂದ ಹೋದಷ್ಟು ವಾಪಸ್ ಬರುವುದಿಲ್ಲ. ತಮ್ಮನಿಗೆ ಲೈಸೆನ್ಸ್ ಇದ್ದರೆ ವಾರಕ್ಕೊಮ್ಮೆ 20 ನಿಮಿಷ ರಸ್ತೆಯಲ್ಲಿ ಓಡಿಸಲಿ. ಆಗದಿದ್ದರೆ ಪೂರ್ತಿ ನಿಲ್ಲಿಸಿಬಿಡಿ.

ನಿಲ್ಲಿಸುವ ಮುಂಚೆ ಹೊಸ ಆಯಿಲ್ ಹಾಕಿ, ತೊಳೆದು ಒಣಗಿಸಿ, ಬ್ಯಾಟರಿಯನ್ನು ಬಿಚ್ಚಿ ಒಳಗಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಳೆಗಾಲದ ಗಾಳಿ ಅಂದರೆ ಅರ್ಧ ನೀರೇ ಅಲ್ವಾ. ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ, ಇಷ್ಟು ದೀರ್ಘ ಕಾಲಕ್ಕೆ ಪೂರ್ತಿ ಖಾಲಿ ಮಾಡಿಸಿ ಒಳಗೆ ಸ್ವಲ್ಪ ಎಣ್ಣೆ ಆಡಿಸಿ ಇಡುವುದು ವಾಸಿ, ಮೆಕ್ಯಾನಿಕ್ ಮಾಡಿಕೊಡುತ್ತಾರೆ. ಸೆಂಟರ್ ಸ್ಟ್ಯಾಂಡ್ ಹಾಕಿ. ಪ್ಲಾಸ್ಟಿಕ್ ಹೊದಿಸಬೇಡಿ, ಹಳೆಯ ಬೆಡ್‌ಶೀಟ್ ಸಾಕು. ಅಡಿಕೆ ಮೂಟೆಯ ಪಕ್ಕ ಇಟ್ಟರೆ ಇಲಿ ವಯರ್ ಕಡಿಯುತ್ತದೆ, ಜಾಗ ಬದಲಿಸಿ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ತುದಿ ಹೊರಗೆ ಎದ್ದು ಕಾಣಲಿ. ಇಲ್ಲದಿದ್ದರೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ.

ಪ್ರಶ್ನೆ: ಅಜ್ಜನ ಯೆಜ್ಡಿ ಕೊಟ್ಟಿಗೆಯಲ್ಲಿ 20 ವರ್ಷದಿಂದ ಇದೆ. ಕಿಕ್ ಹೊಡೆದು ನೋಡಲಾ?
— ವಿದ್ಯಾರ್ಥಿ, ಆದೂರು

ಈಗಲೇ ಹೊಡೆಯಬೇಡಿ! ಹಳೆಯ ಯೆಜ್ಡಿ ತಯಾರಾಗುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಆ ಬೈಕನ್ನು ಗೊತ್ತಿದ್ದವರ ಕೈಯಲ್ಲಿ ಜತನದಿಂದ ಎಬ್ಬಿಸಬೇಕು. ಪ್ಲಗ್ ಬಿಚ್ಚಿ, ಆ ತೂತಿಗೆ ನಾಲ್ಕೈದು ಹನಿ ಆಯಿಲ್ ಬಿಟ್ಟು ಎರಡು ದಿನ ಹಾಗೇ ಇಡಿ. ಆಮೇಲೆ ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ಒತ್ತಿ ನೋಡಿ. ಅಲ್ಲಾಡಿದರೆ ಒಳ್ಳೆಯ ಸುದ್ದಿ. ಅಲ್ಲಾಡದಿದ್ದರೆ ಬಲ ಹಾಕಬೇಡಿ, ಇನ್ನೆರಡು ಹನಿ ಬಿಟ್ಟು ಕಾಯಿರಿ. ಹಳೆಯ ಪೆಟ್ರೋಲ್ ಪೂರ್ತಿ ಚೆಲ್ಲಿ, ಟ್ಯಾಂಕ್, ಕಾರ್ಬ್ಯುರೇಟರ್ ತೊಳೆಸಿ. ಇದು ಟೂ ಸ್ಟ್ರೋಕ್, ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸದೆ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಇದರಲ್ಲಿ ಕಿಕ್ಕರ್, ಗೇರ್ ಲಿವರ್ ಎರಡೂ ಒಂದೇ, ಅಜ್ಜನ ಕಾಲದವರು ಯಾರಾದರೂ ಇದ್ದರೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಯಿರಿ. ಆರ್‌ಸಿ ಹುಡುಕಿ. ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅದಾಗುವವರೆಗೆ ಅಂಗಳ ದಾಟಿಸಬೇಡಿ. ಪ್ಲಗ್ ಬಿಚ್ಚಿದಾಗ ಅದರ ತುದಿಯ ಬಣ್ಣ ಹೇಗಿತ್ತು ಅಂತ ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಅಲ್ಲಿಂದ ಮುಂದುವರಿಸೋಣ.